ಹಾಡಿಗೆ ಹಾಕಿದ ಶಾಮಿಯಾನ

ಶಾಮಿಯಾನ ಬೇಕಿತ್ತು ಎಂದಾಗ ಬಾಡಿಗೆ ಅಂಗಡಿಯ ಹಾಜಿ ಮಿತ್ವಲ್ಲಿ, ಯಾರಿಗೆ ಎಂದು ಕೇಳಲಿಲ್ಲ. ಕೇಳಿದರೆ ಹೇಳಲೆಂದು ಹಾತಿಮ್ ಒಂದು ಸುಳ್ಳನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿ ನುಣುಪು ಮಾಡಿಕೊಂಡು ಬಂದಿದ್ದ: ಅಪ್ಪನ ಕಡೆಯ ದೂರದ ಚಿಕ್ಕಪ್ಪ, ದಮನ್‌ಹೂರಿನಲ್ಲಿ ತೀರಿಕೊಂಡರು, ಇಲ್ಲಿಯವರೂ ಒಂದು ಸಂಜೆ ಸಂತಾಪಕ್ಕೆ ಕೂರೋಣ ಅಂತ. ಆ ಸುಳ್ಳು ಹಾಗೇ ಉಳಿಯಿತು. ಮೊಳಕೈಗೆ ದೀಪದ ಸರ ಸುತ್ತುತ್ತಿದ್ದ ಮುದುಕ ಕೈ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ ಅವನನ್ನೇ ನೋಡಿದ.

"ದೀಪ ಬಣ್ಣದ್ದೋ, ಬಿಳೀದೋ?"

"ಬಿಳೀದು, ಹಾಜಿ."

ಮದುವೆಗೂ ಸಾವಿಗೂ ಮಿತ್ವಲ್ಲಿಯ ಅಂಗಡಿಯಿಂದ ಹೋಗುವುದು ಅದೇ ಕೆಂಪು ನೀಲಿ ಚಿತ್ತಾರದ ಬಟ್ಟೆ, ಅದೇ ಮರದ ಕಂಬ, ಅದೇ ಕುರ್ಚಿ. ದೀಪದಿಂದಲೇ ಯಾವುದೆಂದು ಗೊತ್ತಾಗಬೇಕು.

"ಒಂದಲ್ಲ ಒಂದಿನ ನೀನೇ ಬರ್ತೀಯ ಅಂತ ಗೊತ್ತಿತ್ತು ಮಗಾ," ಎಂದ ಮುದುಕ. "ನಿಮ್ಮಮ್ಮ ಬರಲ್ಲ, ನೀನು ಬರ್ತೀಯ ಅಂತ. ಒಳ್ಳೇದು ಮಾಡ್ದೆ. ಬಾಡಿಗೆ ಮಾತು ಮಾತ್ರ ಎತ್ತಬೇಡ, ನಂಗೆ ಸಿಟ್ಟು ಬರುತ್ತೆ."

ಬಾಯಿ ತೆಗೆಯಬೇಕಾಗಿದ್ದದ್ದು ಆಗ. ಹಾತಿಮನಿಗೆ ಅರ್ಥವಾಗಲಿಲ್ಲ ಎಂದೇನಿಲ್ಲ. ಹೊಟ್ಟೆಯ ಎಲ್ಲೋ ಒಂದು ಮೂಲೆಗೆ ಅರ್ಥವಾಗಿ, ಅಲ್ಲಿಂದ ಮೇಲೆ ಬರಲು ಅವನೇ ಬಿಡಲಿಲ್ಲ. ಗುರುವಾರ ಸಂಜೆ, ಮಗ್ರಿಬ್ ನಮಾಜಿನ ನಂತರ, ಎಂದು ಹೇಳಿ ಮುದುಕನ ಕೈ ಕುಲುಕಿ ಹೊರಬಿದ್ದ. ಹೊರಗೆ ಕಡಲಂಚಿನ ಅನ್ಫೂಶಿ ಕೇರಿಯ ಬಿಸಿಲು, ದೋಣಿ ಕಟ್ಟುವ ಕಡೆಯಿಂದ ಬರುವ ಟಾರಿನ ವಾಸನೆ. ಫೋನು ತೆಗೆದು ಬ್ಯಾಂಡಿನವರಿಗೆ ಒಂದೇ ಪದ ಕಳಿಸಿದ: ಸಿಕ್ಕಿತು.

ಇದೆಲ್ಲ ಬ್ಯಾಂಡಿಗೆ ವಿಡಿಯೊ ತೆಗೆಯುವ ರೀಹಾಮಳ ತಲೆಯಿಂದ ಹೊರಟದ್ದು. ಬೀದಿಯಲ್ಲಿ ಕ್ಯಾಮರಾ ಹಿಡಿದು ನಿಂತರೆ ಯಾರಾದರೊಬ್ಬರು ಬಂದು ಪರವಾನಗಿ ಕೇಳುತ್ತಾರೆ. ಪರವಾನಗಿಗೆ ಹೋದರೆ ಹಾಡಿನ ಸಾಲು ತೋರಿಸು ಎನ್ನುತ್ತಾರೆ. ಸಾಲು ತೋರಿಸಿದರೆ ಅಲ್ಲಿಗೆ ಮುಗಿಯಿತು. ಅವರ 'ತುಕ್ಕು' ಬ್ಯಾಂಡಿನ ಹಿಂದಿನ ವಿಡಿಯೊಗಳೆಲ್ಲ ಹೀಗಾಗಿ ಆಸಿರನ ಮನೆಯ ಗ್ಯಾರೇಜಿನಲ್ಲೇ ಹುಟ್ಟಿ ಅಲ್ಲೇ ಸತ್ತಿದ್ದವು. ಅವನ್ನು ನೋಡಿದವರೆಲ್ಲ ನಮ್ಮ ನೆಂಟರು, ಅವರಲ್ಲೂ ಅರ್ಧ ಜನ ನೋಡಿದೆವು ಅಂತ ಸುಳ್ಳು ಹೇಳ್ತಾರೆ ಎನ್ನುತ್ತಿದ್ದ ಡ್ರಮ್ಸ್ ಬಾರಿಸುವ ಕಿರೊ. ಈ ಸಲ ಅಮ್ಮಾನ್ ನಗರದ ಒಂದು ಸಂಗೀತ ಕಂಪನಿಯವರು ಹೊಸ ಹಾಡನ್ನು ಕೇಳಿ, ವಿಡಿಯೊ ಮಾಡಿ ಕಳಿಸಿ, ಚೆನ್ನಾಗಿದ್ದರೆ ನಾವೇ ಬಿಡುಗಡೆ ಮಾಡುತ್ತೇವೆ ಎಂದಿದ್ದರು.

"ಈ ಊರಲ್ಲಿ ಯಾರೂ ಪ್ರಶ್ನೆ ಕೇಳದೆ ಬೀದಿ ಬಂದ್ ಮಾಡಕ್ಕೆ ಬಿಡೋದು ಯಾವುದಕ್ಕೆ, ಹೇಳಿ," ಎಂದಿದ್ದಳು ರೀಹಾಮ್.

"ಫುಟ್‌ಬಾಲಿಗೆ," ಎಂದ ಕಿರೊ.

"ಸಾವಿಗೆ. ಶಾಮಿಯಾನ ಹಾಕಿ ಬಿಳಿ ದೀಪ ಹಚ್ಚಿದ್ರೆ ಪೊಲೀಸಿನೋನೂ ಟೋಪಿ ತೆಗೆದು, ಕಾಫಿ ಕುಡಿದು ಹೋಗ್ತಾನೆ. ನೀವು ಮೂರು ಜನ ಕಪ್ಪು ಸೂಟಲ್ಲಿ ಕೂತ್ಕೊಳ್ಳಿ, ಸುತ್ತ ಖಾಲಿ ಕುರ್ಚಿ. ನಾನು ಬಟ್ಟೆ ಹಿಂದೆ ಇರ್ತೀನಿ. ಆಸಿರ್, ನಿನ್ನ ಕಿವಿಗೆ ಇಯರ್‌ಫೋನು, ಬರೀ ತುಟಿ ಆಡಿಸು. ನೋಡಿದೋರು ಪ್ರಾರ್ಥನೆ ಅನ್ಕೋತಾರೆ."

"ನಮ್ಮ ಏರಿಯಾದಲ್ಲಿ ಆಗಲ್ಲ," ಎಂದ ಆಸಿರ್. ಹಾಡುವವನು ಅವನು, ಕಫ್ರ್ ಅಬ್ದು ಬಡಾವಣೆಯ ದೊಡ್ಡ ಮನೆಯ ಹುಡುಗ. "ನಮ್ಮಲ್ಲಿ ಸತ್ತರೆ ಮಸೀದಿ ಹಾಲಲ್ಲಿ ಏಸಿ ಹಾಕಿ ಮುಗಿಸ್ತಾರೆ."

"ನಂದು ಚರ್ಚಲ್ಲಿ," ಎಂದ ಕಿರೊ.

ಮೂವರೂ ಹಾತಿಮನ ಕಡೆ ತಿರುಗಿದರು. ಬೇಸ್ ಗಿಟಾರಿನ ತಂತಿ ಒರೆಸುತ್ತಿದ್ದ ಅವನು ಬೇಡ ಎನ್ನಲಿಲ್ಲ. ಹಾಡು ಅವನದು. ಬ್ಯಾಂಡಿನಲ್ಲಿ ಅವನು ಬರೆದ ಮೊದಲ ಹಾಡು, 'ಈಜು ಬಲ್ಲವನು'. ಪಲ್ಲವಿಗೆ ಎರಡೇ ಸಾಲು.

ಈಜು ಬಲ್ಲವನು ಎಲ್ಲಿಗಾದರೂ ತಲುಪುತ್ತಾನೆ
ತಲುಪಿದವನು ಯಾಕೆ ಒಂದು ಮಾತೂ ಆಡುತ್ತಿಲ್ಲ

ಎರಡನೆಯ ಸಾಲು ಮಾತ್ರ ಅವನ ಸ್ವಂತದ್ದು. ಮೊದಲನೆಯದು ಅವನ ತಾಯಿಯ ಮಾತು.

ಅಣ್ಣ ರಗಬ್ ಕೆಲಸ ಹುಡುಕಿಕೊಂಡು ಲಿಬಿಯಾಕ್ಕೆ ಹೋಗಿ, ಅಲ್ಲಿಂದ ಇಟಲಿಯ ಕಡೆಗೆ ದೋಣಿ ಹತ್ತಿ ಮೂರು ವರ್ಷದ ಮೇಲಾಗಿತ್ತು. ದೋಣಿ ಮುಳುಗಿದ ಸುದ್ದಿ ಬಂತು. ಯಾರು ಸತ್ತರು, ಯಾರು ಉಳಿದರು ಎಂಬುದು ಸರಿಯಾಗಿ ಬರಲೇ ಇಲ್ಲ. ಮೊದಲ ವರ್ಷ ಓಣಿಯ ಹಿರಿಯರು ಮನೆಗೆ ಬಂದು, ಸಂತಾಪಕ್ಕೆ ಕೂರೋದು ಒಳ್ಳೇದಮ್ಮ, ಹುಡುಗನ ಆತ್ಮಕ್ಕೂ ನಿಮಗೂ, ಎಂದು ಹೇಳಲು ಬಾಗಿಲಲ್ಲಿ ನಿಂತಾಗ ತಾಯಿ ದಾರಿ ಬಿಡದೆ ಹೇಳಿದ್ದಳು: "ಸಕ್ಕರೆ ಹಾಕಿದ ಕಾಫಿ ಕುಡಿಯೋಕೆ ಬಂದಿದ್ರೆ ಒಳಗೆ ಬನ್ನಿ. ಸಕ್ಕರೆ ಇಲ್ಲದ್ದು ನಮ್ಮನೇಲಿ ಮಾಡಲ್ಲ." ಸಾವಿನ ಮನೆಯ ಕಾಫಿಗೆ ಯಾರೂ ಸಕ್ಕರೆ ಹಾಕುವುದಿಲ್ಲ. ಹಿರಿಯರು ಒಳಗೆ ಹೋಗಿ ಪಾಕದಂಥ ಕಾಫಿ ಕುಡಿದು, ಹವೆಯ ವಿಷಯ ಮಾತಾಡಿ ಎದ್ದು ಬಂದಿದ್ದರು. ಅಂದಿನಿಂದ ಅನ್ಫೂಶಿಯಲ್ಲಿ ರಗಬನ ಹೆಸರಿನ ಹಿಂದೆ, ಸತ್ತವರಿಗೆ ಹೇಳುವ ಹಾಗೆ, ಅಲ್ಲಾಹು ಕರುಣಿಸಲಿ ಎಂದು ಯಾರೂ ಸೇರಿಸಲಿಲ್ಲ. ಹೆಸರು ಬಂದರೆ ಸುಮ್ಮನೆ ಉಗುಳು ನುಂಗುತ್ತಿದ್ದರು.

ಅವಳನ್ನು ಎಲ್ಲರೂ ಕರೆಯುವುದು ಉಮ್ ರಗಬ್ ಎಂದೇ, ರಗಬನ ತಾಯಿ. ಅವಳ ಸ್ವಂತ ಹೆಸರು ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಪ್ರತಿ ತಿಂಗಳೂ ಮೂಲೆಯ ಗೂಡಂಗಡಿಯಿಂದ ಒಂದು ಫೋನ್ ಕಾರ್ಡು ತಂದು, ತಲೆಪಿನ್ನಿನಿಂದ ಗೀರಿ, ಮಗನ ನಂಬರಿಗೆ ಹಾಕಿಸುತ್ತಿದ್ದಳು. ಹಾಕಿಸದಿದ್ದರೆ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. "ಕೋಟೆ ಹಿಂದಿನ ಬಂಡೆಯಿಂದ ಹಾರಿ ಆ ಬಂದರಿನ ತುದಿಗೆ ಹೋಗಿ ಏಳ್ತಿದ್ದ ಅವನು. ಈಜು ಬಲ್ಲೋನು ಎಲ್ಲಿಗಾದ್ರೂ ತಲುಪ್ತಾನೆ. ಯಾವುದೋ ದೇಶದ ಜೈಲಲ್ಲಿ ಇದಾನೆ. ಬಿಡ್ತಾರೆ." ಇದನ್ನು ಅವಳು ಅಕ್ಕಿ ಆರಿಸುವಾಗ ಹೇಳುತ್ತಿದ್ದಳು, ಮೀನು ಕೆರೆಯುವಾಗ ಹೇಳುತ್ತಿದ್ದಳು. ಹಾತಿಮ್ ಕೇಳಿ ಕೇಳಿ, ಒಂದು ದಿನ ಅದಕ್ಕೆ ಬೇಸ್ ಗಿಟಾರಿನ ನಾಲ್ಕು ಸ್ವರ ಹಾಕಿದ. ಅವಳಿಗೆ ಹೇಳಿದ್ದು ಇಷ್ಟೇ: ಈಜಿನ ಮೇಲೊಂದು ಹಾಡು ಬರೆದಿದ್ದೇನೆ.

"ಸದ್ಯ, ಒಂದಾದ್ರೂ ಆರೋಗ್ಯಕ್ಕೆ ಒಳ್ಳೇದು ಬರ್ದ್ಯಲ್ಲ," ಎಂದಿದ್ದಳು ಅವಳು.

ಗುರುವಾರ ಬೆಳಿಗ್ಗೆ ಅವಳನ್ನು ಅಬು ಕೀರಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದ. ಚಿಕ್ಕಮ್ಮನ ಮೊಣಕಾಲಿಗೆ ನೋವು ಜಾಸ್ತಿಯಾಗಿದೆ, ಇವತ್ತು ಅಲ್ಲೇ ಇದ್ದು ನಾಳೆ ಬಾ ಎಂದ. ಮಿನಿಬಸ್ಸಿನ ಕಿಟಕಿಯಿಂದ ಅವಳು, ಸೊಪ್ಪಿನ ಸಾರು ಒಲೆ ಮೇಲಿದೆ, ಬೆಕ್ಕಿಗೆ ಹಾಕಬೇಡ, ನೀನು ತಿನ್ನು ಎಂದು ಕೂಗಿ ಹೇಳಿ ಹೋದಳು.

ಸಂಜೆಯ ಹೊತ್ತಿಗೆ ಓಣಿಯ ಬಾಯಿಗೆ ಬಟ್ಟೆ ಎದ್ದು ನಿಂತಿತು. ಕೇಳಿದ್ದಕ್ಕಿಂತ ದೊಡ್ಡದು, ಕುರ್ಚಿಗಳೂ ಹೆಚ್ಚು, ಅದೂ ಬಂಗಾರದ ಬಣ್ಣದವು, ಮಿತ್ವಲ್ಲಿ ದೊಡ್ಡ ಮನೆತನದವರಿಗೆ ಮಾತ್ರ ತೆಗೆಯುವಂಥವು. ಒಲೆ ಹೂಡಿ ಕಾಫಿಯವನನ್ನು ಕೂರಿಸಿದ್ದ. ಅವನದೇ ಸ್ಪೀಕರಿನಲ್ಲಿ ಕುರಾನ್ ಪಠಣ ಹಚ್ಚಿದ್ದ.

"ಇದೇನೋ, ಖರ್ಚು ಯಾರದು?" ಎಂದು ಆಸಿರ್ ಕಿವಿಯಲ್ಲಿ ಕೇಳಿದ. ಅಪ್ಪನ ಕಪ್ಪು ಸೂಟಿನಲ್ಲಿ ನಿಜವಾಗಿಯೂ ಯಾರನ್ನೋ ಕಳೆದುಕೊಂಡವನಂತೆ ಕಾಣುತ್ತಿದ್ದ.

"ನೀನು ಕೂತ್ಕೋ."

"ನಾನು ಯಾವ ಕಡೆಯಿಂದ ನೆಂಟ, ಅದಾದ್ರೂ ಹೇಳು," ಎಂದ ಕಿರೊ. "ಯಾರಾದ್ರೂ ಹೆಸರು ಕೇಳಿದ್ರೆ ಕಿರೊಲುಸ್ ಅಂದುಬಿಡ್ತೀನಿ, ನೋಡು."

"ಮೂಗ ಅಂತ ಹೇಳ್ತೀನಿ ನಿನ್ನ. ಬಾಯಿ ಮುಚ್ಚು."

ರೀಹಾಮ್ ಹಿಂದಿನ ಹೊಲಿಗೆಯನ್ನು ಸ್ವಲ್ಪ ಬಿಚ್ಚಿ ಕ್ಯಾಮರಾದ ಮೂತಿಯನ್ನು ಅದರೊಳಗೆ ತೂರಿಸಿದ್ದಳು. ಮೊದಲ ಹತ್ತು ನಿಮಿಷ ಎಲ್ಲ ಅವಳು ಹೇಳಿದಂತೆಯೇ ನಡೆಯಿತು. ಖಾಲಿ ಕುರ್ಚಿಗಳ ನಡುವೆ ಮೂವರು. ಆಸಿರ್ ತುಟಿ ಆಡಿಸಿದ.

ಆಮೇಲೆ ನಮಾಜು ಬಿಟ್ಟಿತು, ಮತ್ತು ಜನ ಬಂದರು.

ದಾರಿಹೋಕರಲ್ಲ. ಸಾಲು ಹಿಡಿದು ಬಂದರು. ಕ್ಷೌರದ ಅಂಗಡಿಯ ಸಲಾಮಾ, ದೋಣಿ ಬಡಗಿಗಳು, ಬೆಳಗಿನ ಹರಾಜಿನ ಮೀನುಗಾರರು ಅಂಗಿ ಬದಲಿಸಿಕೊಂಡು. ಮಿತ್ವಲ್ಲಿ ಎರಡು ದಿನ ಮೊದಲೇ ಮಸೀದಿಯಲ್ಲಿ ಹೇಳಿದ್ದ. ಮನೆಯ ಗಂಡಸರು ನಿಲ್ಲುವ ಜಾಗ ಒಳಬರುವ ಬಾಯಿಯ ಬಲಕ್ಕೆ. ಹಾತಿಮನ ಕಾಲುಗಳು ಯಾರೂ ಹೇಳದೆ ಅಲ್ಲಿಗೆ ಹೋಗಿ ನಿಂತವು. ಅಪ್ಪ ಹೋದಾಗ ಅಲ್ಲಿ ನಿಂತವರು ಇಬ್ಬರು, ರಗಬ್ ಮತ್ತು ಅವನು.

"ಉಳಿದ ಆಯುಷ್ಯ ನಿನಗಿರಲಿ, ಹಾತಿಮ್," ಎಂದ ಸಲಾಮಾ ಕೈ ಹಿಡಿದು.

"ನಿಮ್ಮ ಆಯುಷ್ಯವೇ ಉಳಿಯಲಿ."

ಬಾಯಿಯೇ ಹೇಳಿತು. ಸೀನಿದವನಿಗೆ ಹೇಳುವ ಮಾತಿನಂತೆ ಅದು ತಾನಾಗಿಯೇ ಬರುವಂಥದ್ದು, ಯೋಚಿಸಬೇಕಾಗಿಲ್ಲ. ಹೇಳಿಯಾದ ಮೇಲೆ ಹಾತಿಮನಿಗೆ ಹೊಳೆಯಿತು. ಆ ಮಾತಿಗೆ ಉತ್ತರ ಕೊಟ್ಟವನು ಸಾವನ್ನು ಒಪ್ಪಿಕೊಂಡ ಹಾಗೆ.

"ಬಂಗಾರದಂಥ ಹುಡುಗ ಆಗಿದ್ದ ರಗಬ್," ಎಂದ ಮುಂದಿನವನು. "ಅಲ್ಲಾಹು ಕರುಣಿಸಲಿ."

ಆಗಿದ್ದ. ಮೂರು ವರ್ಷದಲ್ಲಿ ಮೊದಲ ಸಲ ಯಾರೋ ಆ ಪದ ಹೇಳಿದ್ದರು.

ಸಾಲು ಸ್ವಲ್ಪ ತೆಳುವಾದಾಗ ಹಾತಿಮ್ ಬಟ್ಟೆಯ ಹಿಂದಕ್ಕೆ ಹೋದ.

"ನಿಲ್ಸು. ಇವ್ರೆಲ್ಲ ರಗಬನಿಗೆ ಅಂತ ಬಂದಿದಾರೆ."

"ಗೊತ್ತಾಯ್ತು," ಎಂದಳು ರೀಹಾಮ್. ಕಣ್ಣು ಕ್ಯಾಮರಾದಿಂದ ತೆಗೆಯಲಿಲ್ಲ. "ಹಾತಿಮ್, ದಯವಿಟ್ಟು ಸ್ವಲ್ಪ ಹೊತ್ತು. ಇಂಥ ಮುಖಗಳನ್ನ ನಾನು ಹುಡುಕ್ಕೊಂಡು ಹೋದ್ರೂ ಸಿಗಲ್ಲ. ಹೇಳೋದಾದ್ರೆ ಆಮೇಲೆ ಹೇಳು."

"ಈಗ ಹೇಳಿದ್ರೆ ನಮ್ಮನ್ನ ಇಲ್ಲೇ ಹೂತಾಕ್ತಾರೆ," ಎಂದ ಹಿಂದೆ ಬಂದಿದ್ದ ಆಸಿರ್. "ಹೋಗು, ನಿನ್ನ ಜಾಗಕ್ಕೆ ಹೋಗು."

ಅವನು ಹೋದ. ಅವರ ಮಾತಿಗಾಗಿಯೇ ಹೋದೆ ಎಂದು ಆಮೇಲೆ ತನಗೇ ಹೇಳಿಕೊಂಡನಾದರೂ ಅದು ಅಷ್ಟು ನಿಜವಲ್ಲ. ಅಲ್ಲಿ ನಿಲ್ಲುವುದು ಹಿತವಾಗಿತ್ತು. ಒರಟು ಕೈಗಳು ಒಂದಾದ ಮೇಲೊಂದು ಬಂದು ಅವನ ಕೈಯನ್ನು ಒತ್ತುತ್ತಿದ್ದವು, ಅವನು ಉತ್ತರ ಕೊಡುತ್ತಿದ್ದ. ಹೊರೆ ಹೊತ್ತವನ ತಲೆಯಿಂದ ಯಾರೋ ಒಂದೊಂದೇ ಇಟ್ಟಿಗೆ ಇಳಿಸುತ್ತಿದ್ದಂತೆ ಇತ್ತು. ಕೊನೆಗೆ ಕೂತ. ಕಾಫಿಯವನು ಕೊಟ್ಟ ಕಹಿ ಕಾಫಿಯನ್ನೂ ಕುಡಿದ.

ಪಕ್ಕದ ಕುರ್ಚಿಗೆ ಅವಾದ್ ಬಂದು ಕೂತದ್ದು ಆಗಲೇ.

ಅವಾದ್ ಎದುರಿನ ಓಣಿಯವನು, ರಗಬನ ಓರಗೆಯವನು, ಅವನ ಜೊತೆಗೇ ಲಿಬಿಯಾಕ್ಕೆ ಹೋದವನು. ಒಂದು ವರ್ಷ ಎಲ್ಲೆಲ್ಲೋ ಜೈಲಿನಲ್ಲಿದ್ದು ವಾಪಸು ಬಂದಾಗ ಉಮ್ ರಗಬ್ ಬರಿಗಾಲಲ್ಲಿ ಅವನ ಮನೆಗೆ ಓಡಿದ್ದಳು. ನಾವು ಬೇರೆ ಬೇರೆ ದೋಣಿ ಚಿಕ್ಕಮ್ಮ, ನನಗೆ ಅವನ ಸುದ್ದಿ ಗೊತ್ತಿಲ್ಲ ಎಂದಿದ್ದ ಅವನು. ಅಂದಿನಿಂದ ಅವಳನ್ನು ಕಂಡರೆ ಗೋಡೆಯ ಪಕ್ಕ ಸರಿದು ಹೋಗುತ್ತಿದ್ದ.

ಈಗ ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ, ಹಾತಿಮನ ಕಿವಿಯ ಹತ್ತಿರ ಬಾಗಿದ.

"ನೀವು ಒಪ್ಕೊಂಡ್ರಿ ಅಂತ ಹಾಜಿ ಹೇಳ್ದ. ಅದಕ್ಕೆ ಹೇಳ್ತಿದೀನಿ. ನಿಮ್ಮಮ್ಮ ಬಾಗಿಲು ಹಾಕಿದ್ಲಲ್ಲ, ಅದಕ್ಕೇ ಆಗ ಹೇಳಲಿಲ್ಲ. ನಾವು ಒಂದೇ ದೋಣೀಲಿ ಇದ್ವಿ."

ಹಾತಿಮ್ ಕೈಯಲ್ಲಿದ್ದ ಕಪ್ಪನ್ನು ನೆಲದ ಮೇಲಿಟ್ಟ.

"ನಂಗೆ ಈಜು ಬರಲ್ಲ, ನಿಂಗೊತ್ತಲ್ಲ. ಒಂದು ಎಣ್ಣೆ ಕ್ಯಾನು ಸಿಕ್ತು. ರಗಬ್ ಅದನ್ನ ನನ್ನ ಎದೆಗೆ ಕಟ್ಟಿದ. ತಾನು ಹಂಗೇ ಪಕ್ಕದಲ್ಲಿ ಇದ್ದ. ಬೈತಾನೇ ಇದ್ದ ನನ್ನ, ಕಾಲು ಬಡಿ ಕತ್ತೆ, ಕಾಲು ಬಡಿ ಅಂತ. ದೂರದಲ್ಲಿ ಒಂದು ದೀಪ ಕಾಣ್ತು. ಹಡಗು, ನಾನು ಹೋಗಿ ಕರ್ಕೊಂಡು ಬರ್ತೀನಿ, ನೀನು ಇಲ್ಲೇ ಇರು ಅಂದ. ಸಮುದ್ರದಲ್ಲಿ ಇಲ್ಲೇ ಇರು ಅಂತಾನೆ, ನೋಡು. ಹೋದ." ಅವಾದ್ ಕಾಫಿಯನ್ನು ತುಟಿಗೆ ತಂದು, ಕುಡಿಯದೆ ಇಳಿಸಿದ. "ಬೆಳಕಾದ ಮೇಲೆ ಬಂದ. ನೀರು ತಂದುಬಿಡ್ತು ಅವನನ್ನ, ನನ್ನ ಹತ್ರಾನೇ. ಮುಖ ಕೆಳಗೆ ಇತ್ತು. ಅಂಗಿಯಿಂದ ಗೊತ್ತಾಯ್ತು. ಹಿಡ್ಕೊಂಡೆ. ಮಧ್ಯಾಹ್ನದ ತನಕ ಅಂಗಿ ಬಿಡಲಿಲ್ಲ ಹಾತಿಮ್, ಆಣೆ ಮಾಡ್ತೀನಿ. ಆಮೇಲೆ ಕೈಲಿ ಶಕ್ತಿ ಇರಲಿಲ್ಲ."

ಸ್ಪೀಕರಿನಲ್ಲಿ ಪಠಣ ಉಸಿರೆಳೆದುಕೊಳ್ಳಲು ನಿಂತು ಮತ್ತೆ ಏರಿತು.

"ಅಷ್ಟೇ," ಎಂದ ಅವಾದ್. "ಉಳಿದ ಆಯುಷ್ಯ ನಿನಗಿರಲಿ."

ಈ ಸಲ ಹಾತಿಮನ ಬಾಯಿ ತಾನಾಗಿ ಉತ್ತರ ಕೊಡಲಿಲ್ಲ. ಅವನು ಉತ್ತರವನ್ನು ಹುಡುಕುತ್ತಿರುವಾಗಲೇ ಓಣಿಯ ಬಾಯಲ್ಲಿ ಗದ್ದಲವಾಯಿತು, ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತರು.

ತಾಯಿ ಚಿಕ್ಕಮ್ಮನ ಮನೆಯ ಪ್ಲಾಸ್ಟಿಕ್ ಚಪ್ಪಲಿಯಲ್ಲೇ ಬಂದಿದ್ದಳು. ಮೇಲೆ ನಿಮ್ಮನೆಗೆ ಬಂದು ಜೊತೆಗೆ ಕೂರಲಾ ಅಕ್ಕಾ ಎಂದು ಕ್ಷೌರದ ಸಲಾಮಾನ ಹೆಂಡತಿ ಫೋನು ಮಾಡಿದ್ದಳಂತೆ. ಗಂಡಸರು ಮಾತ್ರ ಕೂರುವ ಜಾಗ ಅದು. ಹೆಂಗಸರು ಮನೆಯೊಳಗೆ ಕೂರಬೇಕು. ಅವಳು ನಡುವಿನ ದಾರಿಯಲ್ಲಿ ನೆಟ್ಟಗೆ ನಡೆದು ಬಂದು ಮಿತ್ವಲ್ಲಿಯ ಎದುರು ನಿಂತಳು. ಯಾರೋ ಸ್ಪೀಕರ್ ಆರಿಸಿದರು.

"ಯಾರದು ಇದು, ಹಾಜಿ?"

ಮುದುಕ ಹಾತಿಮನ ಕಡೆ ನೋಡಿದ. ಎಲ್ಲರೂ ನೋಡಿದರು. ಅವಳೂ ತಿರುಗಿದಳು. ಅವಳ ಕೆಳತುಟಿ ಒಂದೇ ಸಮನೆ ಅದುರುತ್ತಿತ್ತು. ಅದನ್ನು ಹಲ್ಲಿನಿಂದ ಹಿಡಿದು ನಿಲ್ಲಿಸಲು ನೋಡುತ್ತಿದ್ದಳು.

ಕಿವಿಯಲ್ಲಿ ಅವಾದನ ಉಸಿರು ಇನ್ನೂ ಬೆಚ್ಚಗಿತ್ತು. ಒಂದು ಪದ ಹೇಳಿದರೆ ಸಾಕಿತ್ತು. ಶಾಮಿಯಾನ ಸಿದ್ಧವಾಗಿತ್ತು, ಓಣಿಗೆ ಓಣಿಯೇ ಅವಳನ್ನು ಹಿಡಿದುಕೊಳ್ಳಲು ಬಂದು ನಿಂತಿತ್ತು, ಇಷ್ಟು ಚೆನ್ನಾಗಿ ಆ ಸುದ್ದಿ ಹೇಳಲು ಇನ್ನೊಂದು ಸಂಜೆ ಸಿಗುತ್ತಿರಲಿಲ್ಲ.

"ಯಾರೂ ಸತ್ತಿಲ್ಲ ಅಮ್ಮ," ಎಂದ ಹಾತಿಮ್. "ಹಾಡಿಗೆ. ವಿಡಿಯೊ ತೆಗೀತಿದೀವಿ. ನಾಟಕ ಇದು. ರೀಹಾಮ್, ಕ್ಯಾಮರಾ ತೋರ್ಸು."

ರೀಹಾಮ್ ಬಟ್ಟೆಯ ಹಿಂದಿನಿಂದ ಈಚೆ ಬಂದಳು. ಕ್ಯಾಮರಾವನ್ನು ಕಳ್ಳ ಮಾಲಿನಂತೆ ಹೊಟ್ಟೆಗೆ ಒತ್ತಿಕೊಂಡಿದ್ದಳು. ಆಸಿರ್ ಕಿವಿಯಿಂದ ಇಯರ್‌ಫೋನು ತೆಗೆದ.

ಉಮ್ ರಗಬ್ ಕ್ಯಾಮರಾ ನೋಡಿದಳು, ಮಗನನ್ನು ನೋಡಿದಳು, ಕೈ ಎತ್ತಿ ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ನಗತೊಡಗಿದಳು. ನಗುತ್ತ ನಗುತ್ತ ಬಂಗಾರದ ಕುರ್ಚಿಯೊಂದರ ಮೇಲೆ ಕುಸಿದು ಕೂತಳು.

"ಕತ್ತೆ ನನ್ಮಗನೆ. ಜೀವ ಬಾಯಿಗೆ ಬಂದಿತ್ತು ನಂಗೆ. ಕೂತ್ಕೊಳ್ಳಿ, ಎಲ್ಲಾ ಕೂತ್ಕೊಳ್ಳಿ, ಯಾಕೆ ನಿಂತಿದೀರ? ನಮ್ಮ ಹುಡುಗ್ರು ಸಿನಿಮಾ ತೆಗೀತಿದಾರಂತೆ." ಕಾಫಿಯವನನ್ನು ಕರೆದಳು. "ನಂಗೊಂದು ತಾರೋ. ಸಕ್ಕರೆ ಹಾಕು, ಎರಡು ಚಮಚ."

"ಸಕ್ಕರೆ ತಂದಿಲ್ಲ ಅಮ್ಮ," ಎಂದ ಅವನು ಮಿತ್ವಲ್ಲಿಯ ಮುಖ ನೋಡುತ್ತ.

"ಹಂಗಾದ್ರೆ ಯಾರ ಮನೆಯಿಂದಾದ್ರೂ ತಾ."

ಯಾರೂ ಕೂರಲಿಲ್ಲ. ಒಬ್ಬೊಬ್ಬರಾಗಿ ಕಪ್ಪುಗಳನ್ನು ಕುರ್ಚಿಯ ಮೇಲೇ ಇಟ್ಟು ಹೊರಟರು. ಸಲಾಮಾ ಹಾತಿಮನ ಮುಂದೆ ಬಂದು ನಿಂತು, ಅವನ ಬೂಟಿನ ಪಕ್ಕದಲ್ಲಿ ಉಗುಳಿ ನಡೆದ. ಮಿತ್ವಲ್ಲಿ ಕಂಬದ ಹಗ್ಗ ಬಿಚ್ಚಲು ಶುರುಮಾಡಿದ್ದ.

"ಈ ಬಟ್ಟೆ ಕೆಳಗೇ ನಿಮ್ಮಪ್ಪನಿಗೆ ಕೂತಿದ್ವಿ ಮಗಾ," ಎಂದ, ಹಗ್ಗದ ಗಂಟಿಗೆ ಹೇಳುವಂತೆ.

ಅವಾದ್ ಕೊನೆಯವನಾಗಿ ಎದ್ದ. ಉಮ್ ರಗಬ್ ಅವನನ್ನು ಕಂಡು ಮತ್ತೆ ನಕ್ಕಳು. "ನೀನೂ ನಂಬಿಬಿಟ್ಯಾ ಅವಾದ್? ಅಷ್ಟು ದೂರ ಹೋಗಿ ಬಂದೋನು, ನಿಂಗಾದ್ರೂ ಗೊತ್ತಾಗ್ಬೇಡ್ವಾ?"

ಅವನು ಹಾತಿಮನ ಕಡೆ ನೋಡಿದ. ಹಾತಿಮ್ ಕಣ್ಣಿನಲ್ಲೇ ಬೇಡಿದ.

"ಗೊತ್ತಾಗ್ಲಿಲ್ಲ ಚಿಕ್ಕಮ್ಮ," ಎಂದು ಅವಾದ್ ಗೋಡೆಯ ಪಕ್ಕ ಸರಿದು ಹೋದ.

ಸೀದಿ ಜಾಬಿರಿನಲ್ಲಿದ್ದ ರೀಹಾಮಳ ಕೋಣೆಯಲ್ಲಿ ಮುಂದಿನ ವಾರ ವಿಡಿಯೊ ಜೋಡಣೆಯಾಯಿತು. ಓಣಿಯಲ್ಲಿ ಅಷ್ಟರಲ್ಲಿ ಎಲ್ಲರೂ ಹಾತಿಮನ ಸಲಾಮಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದರು. ಕ್ಷಮೆ ಕೇಳಲೆಂದು ಹೋದರೆ ಮಿತ್ವಲ್ಲಿ ಅಂಗಡಿಯ ಒಳಗಿನಿಂದ ಹೊರಗೆ ಬರಲಿಲ್ಲ.

ಪರದೆಯ ಮೇಲೆ ಮುಖಗಳು ಬಂದು ಹೋದವು. ಬಡಗಿಗಳು, ಮೀನುಗಾರರು, ಕಾಫಿ ಕಪ್ಪಿನ ಅಂಚಿಗೆ ತಾಗಿದ ತುಟಿಗಳು. ಕೊನೆಯ ಪಲ್ಲವಿಗೆ ಗಿಟಾರುಗಳು ಒಮ್ಮೆಲೇ ನಿಂತು ಬೇಸ್ ಒಂದೇ ಉಳಿಯುವ ಕಡೆ ರೀಹಾಮ್ ಒಂದೇ ಒಂದು ದೃಶ್ಯ ಇಟ್ಟಿದ್ದಳು. ಹಾತಿಮನ ಕಿವಿಗೆ ಬಾಗಿದ ಅವಾದ್. ಅವಾದನ ಮುಖ ಅರ್ಧ ಕತ್ತಲೆಯಲ್ಲಿ. ಹಾತಿಮನದು ಪೂರ್ತಿ ಬಿಳಿ ದೀಪದಲ್ಲಿ.

"ಇದನ್ನ ತೆಗಿ," ಎಂದ ಹಾತಿಮ್.

"ಇದೇ ವಿಡಿಯೊ," ಎಂದಳು ರೀಹಾಮ್. "ಇದನ್ನ ತೆಗೆದ್ರೆ ಉಳಿಯೋದು ಕುರ್ಚಿ."

"ಧ್ವನಿ ಇಲ್ಲವಲ್ಲೋ," ಎಂದ ಆಸಿರ್. "ಹಾಡು ಓಡ್ತಿರುತ್ತೆ. ಅವನು ಏನಂದ ಅಂತ ಯಾರಿಗೆ ಗೊತ್ತಾಗುತ್ತೆ? ಹೌದೂ, ಏನಂದ ಅವ್ನು?"

"ಮೀನಿನ ರೇಟು."

ಕಿರೊ ನಗಲು ಹೋಗಿ ನಿಲ್ಲಿಸಿದ. ಹಾತಿಮ್ ಆ ದೃಶ್ಯವನ್ನು ಮತ್ತೊಮ್ಮೆ ಹಾಕಿಸಿ ನೋಡಿದ. ಶಬ್ದವಿಲ್ಲ, ನಿಜ. ತುಟಿಯೂ ಕಾಣುವುದಿಲ್ಲ. ಅಣ್ಣನ ಸಾವು ಜಗತ್ತಿನಲ್ಲಿ ಎಲ್ಲಿಯಾದರೂ ದಾಖಲಾಗಿದ್ದರೆ ಅದು ಈ ಮೌನದ ಚೂರಿನಲ್ಲಿ ಮಾತ್ರ. ಅಳಿಸಿದರೆ ಅವಾದನೂ ಅವನೂ ಸಾಯುವವರೆಗೆ ಅದು ಎರಡು ತಲೆಗಳೊಳಗೆ ಇದ್ದು, ಆಮೇಲೆ ಇಲ್ಲವಾಗುತ್ತದೆ. ಅಮ್ಮಾನಿನವರು ಒಪ್ಪಬೇಕಾದರೂ ಅದೇ ಬೇಕು. ಎರಡರಲ್ಲಿ ಯಾವುದಕ್ಕಾಗಿ ತಲೆಯಾಡಿಸಿದೆ ಎಂದು ಕೇಳಿದ್ದರೆ ಅವನಿಗೆ ಹೇಳಲಾಗುತ್ತಿರಲಿಲ್ಲ.

"ಇರಲಿ ಬಿಡು," ಎಂದ.

ಅಮ್ಮಾನಿನವರು ಒಪ್ಪಿದರು. ಹಾಡು ಬಿಡುಗಡೆಯಾದ ವಾರ ಕಾಸಾಬ್ಲಾಂಕಾದಿಂದ ಬಾಗ್ದಾದಿನವರೆಗೆ ಹುಡುಗ ಹುಡುಗಿಯರು ಅದರ ಕೆಳಗೆ ಬರೆದರು. ಕೊನೆಗೆ ಬರುವ ಆ ಹುಡುಗ ಯಾರು? ಎಂಥ ನಟ. ಆ ಮುಖ ನೋಡಿ ನಿದ್ದೆ ಬರಲಿಲ್ಲ. ಕಿರೊ ಒಂದೊಂದನ್ನೇ ಓದಿ ಕಳಿ‌ಸುತ್ತಿದ್ದ, ಕೊನೆಗೆ ಸೇರಿಸುತ್ತಿದ್ದ: ಡ್ರಮ್ಸ್ ಬಗ್ಗೆ ಒಬ್ಬನೂ ಬರೆದಿಲ್ಲ, ನಾಯಿಗಳು.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ತಾಯಿ ಅವನ ಫೋನು ಕೇಳಿದಳು.

"ನನ್ನ ಅಷ್ಟು ಹೆದರಿಸಿ ತೆಗೆದದ್ದು ಏನು ಅಂತ ನೋಡ್ಬೇಕು. ಹಾಕು."

ಹಾಕಿ ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು. ಸಲಾಮಾನನ್ನು ಗುರುತಿಸಿ, ಅಯ್ಯೋ ಹೊಟ್ಟೆ ನೋಡು ಇವನದ್ದು ಎಂದಳು. ತನ್ನ ಮಾತನ್ನು ಆಸಿರನ ಒಡೆದ ಗಂಟಲಿನಲ್ಲಿ ಕೇಳಿ, ಹುಬ್ಬೇರಿಸಿ ಮಗನತ್ತ ತಿರುಗಿದಳು. "ಇದು ನಂದಲ್ವಾ?"

"ನಿಂದೇ."

"ಎರಡನೇದು ನಂದಲ್ಲ."

"ಅಲ್ಲ."

ಗಿಟಾರುಗಳು ನಿಂತವು. ಬೇಸ್ ಮಾತ್ರ ಉಳಿಯಿತು. ಹಾತಿಮ್ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಹಾಡು ಮುಗಿಯಿತು.

"ಹಿಂದಕ್ಕೆ ತರೋದು ಹೆಂಗೆ?" ಎಂದಳು ತಾಯಿ.

ತೋರಿಸಿಕೊಟ್ಟ. ಅವಳು ಬೆರಳಿನಿಂದ ಎಳೆದು ಅಲ್ಲಿಗೇ ತಂದು ನಿಲ್ಲಿಸಿದಳು. ಫೋನನ್ನು ಈಗ ಮುಖದ ಹತ್ತಿರ ಹಿಡಿದಿದ್ದಳು.

"ಇಲ್ಲಿ ಅವಾದ್ ನಿಂಗೆ ಏನಂದ?"

"ಏನಿಲ್ಲಮ್ಮ. ನೆನಪಿಲ್ಲ. ಅದು ಆಕ್ಟಿಂಗು. ನೋಡು, ಕೆಳಗೆ ಎಲ್ಲಾ ಬರ್ದಿದಾರೆ, ಚೆನ್ನಾಗಿ ಮಾಡಿದಾನೆ ಅಂತ."

"ನಿಂಗೆ ನಾಟಕ ಬರಲ್ಲ ಹಾತಿಮ್."

ಅವಳ ದನಿ ಏರಿರಲಿಲ್ಲ. ಸಾರಿಗೆ ಉಪ್ಪು ಸಾಲದು ಎನ್ನುವಂತಿತ್ತು.

"ಅಪ್ಪ ಹೋದ ದಿನ ಆಸ್ಪತ್ರೆಯಿಂದ ನೀನೇ ಮೊದಲು ಬಂದೆ. ಹೆಂಗಿದಾರೆ ಅಂದೆ ನಾನು. ಮಲಗಿದಾರೆ ಅಂದೆ ನೀನು." ಅವಳು ಫೋನನ್ನು ಅವನ ಕಡೆ ತಿರುಗಿಸಿದಳು. "ಇದೇ ಮುಖ."

ಹಾತಿಮನ ಕೈಯಲ್ಲಿ ತಟ್ಟೆಗಳು ಹಾಗೇ ಇದ್ದವು. ಪರದೆಯ ಮೇಲಿನ ತನ್ನ ಮುಖವನ್ನು ನೋಡಿದ. ಧ್ವನಿ ಇಲ್ಲದಿದ್ದರೆ ಸಾಕು ಅಂದುಕೊಂಡಿದ್ದ.

ಅವಳು ಕನ್ನಡಕ ತೆಗೆದು, ಸೆರಗಿನಂತೆ ಹೊದ್ದ ಕಪ್ಪು ಬಟ್ಟೆಯ ತುದಿಯಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಈ ತಿಂಗಳ ಫೋನ್ ಕಾರ್ಡು ಟಿವಿಯ ಮೇಲೆ, ಇನ್ನೂ ಗೀರದೆ ಬಿದ್ದಿತ್ತು. ಅದರ ಕಡೆ ಒಮ್ಮೆ ನೋಡಿದಳು.

"ಕಾಫಿ ಮಾಡು," ಎಂದಳು. "ಮೂರು ಕಪ್ಪು."

ಅವನು ಅಡುಗೆಮನೆಗೆ ಹೋದ. ಪುಡಿ ಹಾಕಿದ, ನೀರು ಹಾಕಿದ, ಕೈ ರೂಢಿಯಂತೆ ಸಕ್ಕರೆ ಡಬ್ಬಿಯ ಕಡೆ ಹೋಗಿ ಮುಚ್ಚಳ ತೆಗೆಯಿತು.

"ಅದು ಬೇಡ," ಎಂದಳು ಅವಳು ಒಳಗಿನಿಂದಲೇ. ಮುಚ್ಚಳದ ಸದ್ದು ಕೇಳಿಸಿರಬೇಕು. "ಒಲೆ ಸಣ್ಣ ಮಾಡಿ ಹೋಗಿ ಅವಾದನ್ನ ಕರ್ಕೊಂಡು ಬಾ."

ಅವಾದ್ ಏನೂ ಕೇಳದೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅದನ್ನು ನೆಟ್ಟಗೆ ಜೋಡಿಸಿ, ಮತ್ತೆ ಜೋಡಿಸಿ, ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಉಮ್ ರಗಬ್ ಕಹಿ ಕಾಫಿಯನ್ನು ತಾನೇ ಬಗ್ಗಿಸಿ ಒಂದನ್ನು ಅವನ ಮುಂದೆ ಸರಿಸಿದಳು, ಒಂದನ್ನು ಹಾತಿಮನ ಮುಂದೆ. ತನ್ನದನ್ನು ಎತ್ತಿ ಒಂದು ಗುಟುಕು ಕುಡಿದಳು. ಮುಖ ಕಿವುಚಲಿಲ್ಲ.

"ಕುಡಿ ಮೊದಲು," ಎಂದಳು. "ಆಮೇಲೆ ಹೇಳು. ಶುರುವಿಂದ ಹೇಳು. ಯಾವ ಅಂಗಿ ಹಾಕಿದ್ದ?"

ಅವಾದ್ ಕಾಫಿ ಕುಡಿದ. ಆಮೇಲೆ, ನೆಲ ನೋಡುತ್ತ, ಹಳದಿ ಅಂಗಿ ಚಿಕ್ಕಮ್ಮ, ನೀವು ಈದ್‌ಗೆ ತಂದದ್ದು, ಎಂದು ಶುರುಮಾಡಿದ.